ನೆಲದ ಗೆರೆಯ ಕೆಳಗೆ ಕೂತವರು

ಅಕ್ಕ ಯಾವ ಕೌದಿ ಹೊಲಿದರೂ ಮೊದಲು ಅದರ ಕೆಳಗಂಚಿಗೆ ನೆಲ ಹಾಕುತ್ತಿದ್ದಳು. ನೆಲ ಅಂದರೆ ಬರೀ ಒಂದು ಗೆರೆ. ಕರೀ ದಾರವನ್ನು ಎರಡೆಳೆ ಮಾಡಿಕೊಂಡು ಈ ಮೂಲೆಯಿಂದ ಆ ಮೂಲೆಯವರೆಗೆ ಹೊಲಿಗೆ ಎಳೆದರೆ ನೆಲ ಆಯ್ತು. ಆಮೇಲೆ ಅದರ ಮೇಲೆ ಮನೆ, ತೆಂಗಿನ ಮರ, ಬಾವಿ, ಎತ್ತು, ಮನುಷ್ಯರು. ನೆಲವಿಲ್ಲದೆ ಒಂದು ಗುಬ್ಬಚ್ಚಿಯನ್ನೂ ಆಕೆ ಹೊಲಿದವಳಲ್ಲ. "ಹಾರೋ ಹಕ್ಕಿ ಒಂದು ಹೊಲಿಯಕ್ಕ" ಅಂದರೆ, "ಅದು ಎಲ್ಲಾದ್ರೂ ಕೂತಾಗ ಹೇಳು, ಹೊಲೀತೀನಿ" ಅನ್ನುತ್ತಿದ್ದಳು.

ಹೊಲಿಗೆ ಅಕ್ಕನದು. ಅದಕ್ಕೂ ಮುಂಚೆ ಬಟ್ಟೆಯ ಮೇಲೆ ಬೀಳುತ್ತಿದ್ದ ಗೆರೆ ನನ್ನದು. ಅಪ್ಪ ತೀರಿಕೊಂಡ ವರ್ಷ ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಕಡೂರಿನಲ್ಲಿ ಒಬ್ಬ ಟೈಲರ್ ಹತ್ತಿರ ಕಾಜ ಹೊಲಿಯಲು ಸೇರಿದೆ. ಆಮೇಲೆ ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಸ್ವಂತ ಮಿಷನ್ನು ಹಾಕಿದೆ. ಓದಲಿಲ್ಲ ಅಂತ ನನಗೆ ಯಾವತ್ತೂ ನಾಚಿಕೆ ಆಗಿಲ್ಲ. ಸ್ಕೇಲು ಇಡದೆ ಬಟ್ಟೆಯ ಮೇಲೆ ಗೆರೆ ಎಳೆದರೆ ನೆಟ್ಟಗೆ ಬೀಳುತ್ತಿತ್ತು, ತಿರುಗಿಸಬೇಕಾದ ಕಡೆ ತಿರುಗುತ್ತಿತ್ತು. ಸ್ನಾನ ಮಾಡಿ ಮಾಡಿ ಸವೆದು ಎಲೆಯಷ್ಟು ತೆಳುವಾದ ಸೋಪಿನ ಚೂರುಗಳನ್ನು ಮನೆಯವರೆಲ್ಲ ನನಗೆ ಎತ್ತಿಡುತ್ತಿದ್ದರು. ಅದರಲ್ಲೇ ನಾನು ಷರಟು ಗುರುತು ಹಾಕುತ್ತಿದ್ದದ್ದು. ಅದರಲ್ಲೇ ಅಕ್ಕನಿಗೆ ಎತ್ತು, ಮರ, ಮನುಷ್ಯರನ್ನು ಬರೆದು ಕೊಡುತ್ತಿದ್ದದ್ದು. ಅಕ್ಕ ಆ ಗೆರೆಯನ್ನು ಹಿಡಿದು ಹೊಲಿಯುತ್ತಿದ್ದಳು, ಆದರೆ ಪೂರಾ ಅಲ್ಲ. ನಾನು ಸುಮ್ಮನೆ ನಿಂತ ಹೆಂಗಸನ್ನು ಬರೆದರೆ ಅವಳ ಹೊಲಿಗೆಯಲ್ಲಿ ಆ ಹೆಂಗಸು ಯಾರನ್ನೋ ಕೂಗುತ್ತಿರುವ ಹಾಗೆ ಕಾಣುತ್ತಿತ್ತು. ಎಲ್ಲಿ ಏನು ಬದಲಿಸಿದಳು ಅಂತ ಹುಡುಕಿದರೆ ಕುತ್ತಿಗೆಯ ಹತ್ತಿರ ಒಂದೆರಡು ಹೊಲಿಗೆ ಆಚೀಚೆ ಆಗಿರುತ್ತಿತ್ತು, ಅಷ್ಟೆ.

ಈ ಚಿತ್ರದಂಚು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇತ್ತು ಅಂತಲ್ಲ. ಅವ್ವನ ತವರು ಬುಕ್ಕಾಂಬುಧಿ. ಅಲ್ಲಿ ಅವರ ಮನೆಯ ಹೆಂಗಸರಿಂದ ನಮ್ಮ ಮನೆಗೆ ಬಂದದ್ದು. ಹೆಣ್ಣು ಮದುವೆಯಾಗಿ ಹೊರಡುವಾಗ ಅವಳ ಜೊತೆ ಒಂದು ಕೌದಿ ಹೋಗಬೇಕು. ಅದರ ಅಂಚಿನಲ್ಲಿ ಅವಳು ಬಿಟ್ಟು ಹೋಗುವ ಮನೆಯವರೆಲ್ಲ ಇರಬೇಕು. ಬದುಕಿರುವವರು ಗೆರೆಯ ಮೇಲೆ ನಿಂತಿರುತ್ತಾರೆ. ತೀರಿಕೊಂಡವರು ಗೆರೆಯ ಕೆಳಗೆ ಕೂತಿರುತ್ತಾರೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಂಡಿಯೊಳಗೆ ಒಂದು ಗೂಡು ತೋಡಿ, ಚಕ್ಕಂಬಕ್ಕಳ ಹಾಕಿ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ. ಕೌದಿಯಲ್ಲೂ ಹಾಗೆಯೇ, ಗೆರೆಯಿಂದ ಇಳಿಬಿಟ್ಟ ಒಂದು ಪುಟ್ಟ ಗೂಡು, ಅದರೊಳಗೆ ಕೂತ ಒಂದು ಆಕಾರ. ನಮ್ಮಪ್ಪ ಹಾಗೆ ಕೂತಿದ್ದರು, ಅಜ್ಜ ಅಜ್ಜಿ ಕೂತಿದ್ದರು. ಮೇಲೂ ಕೆಳಗೂ ಎಲ್ಲೂ ಇಲ್ಲ ಅಂದರೆ ಅಂಥವರನ್ನು ಮನೆಯಿಂದ ಹೊರಗೆ ಹಾಕಿದ್ದಾರೆ ಅಂತ ಅರ್ಥ.

ಇನ್ನೂ ಒಂದು ಕಟ್ಟುಪಾಡು ಇತ್ತು. ದಾರದ ಗಂಟು ನೆಲದ ಗೆರೆಯಲ್ಲೇ ಬೀಳಬೇಕು. ಒಂದು ಪಾದದಿಂದ ಹೊರಟ ದಾರ ಮೈಯೆಲ್ಲ ಸುತ್ತಿ ಇನ್ನೊಂದು ಪಾದದಲ್ಲಿ ನೆಲಕ್ಕೆ ಇಳಿಯಬೇಕು. ಮನುಷ್ಯನ ಮೈಮೇಲೆ ಗಂಟು ಬೀಳಬಾರದು. ಬಿದ್ದರೆ ಅದನ್ನು ಬಿಚ್ಚಲೇಬೇಕು. ಬಿಚ್ಚಿದ ಆಕಾರವನ್ನು ಮತ್ತೆ ಅದೇ ಜಾಗದಲ್ಲಿ ಹೊಲಿಯುವ ಹಾಗಿಲ್ಲ. ಯಾಕೆ ಅಂತ ನಾನು ಕೇಳಿದವನಲ್ಲ. ಗಂಡಸರ ಷರಟಿನಲ್ಲಿ ಎಡಗಡೆಯದು ಬಲಗಡೆಯದರ ಮೇಲೆ ಬರಬೇಕು ಅಂತ ಕಡೂರಿನ ಟೈಲರ್ ಹೇಳಿಕೊಟ್ಟಾಗಲೂ ಯಾಕೆ ಅಂತ ಕೇಳಿರಲಿಲ್ಲ.

ಅಕ್ಕನನ್ನು ಯಗಟಿಗೆ ಕೊಟ್ಟಿತ್ತು. ಭಾವ ಎತ್ತಿನ ವ್ಯಾಪಾರದವರು. ಎಮ್ಮೆದೊಡ್ಡಿ ಕಾವಲಿನ ಕಡೆಯಿಂದ ಎಳೆ ಹೋರಿಗಳನ್ನು ತಂದು, ಪಳಗಿಸಿ, ಹೊಡೆದುಕೊಂಡು ಹೋಗಿ ಉತ್ತರದ ಕಡೆ ಮಾರಿ ಬರುತ್ತಿದ್ದರು. ಎತ್ತರದ ಆಳು. ಮಾತಾಡುವುದು ಕಮ್ಮಿ, ಗೇಲಿ ಜಾಸ್ತಿ. ಅಂಗಡಿಗೆ ಬಂದರೆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿ, "ಏನಪ್ಪಾ ಟೈಲರಪ್ಪ, ನಮ್ಮ ಹೋರಿಗೊಂದು ನಿಕ್ಕರು ಹೊಲ್ಕೊಡ್ತೀಯೇನೋ? ರಾಣೆಬೆನ್ನೂರೋರು ಮರ್ಯಾದಸ್ಥರು ಕಣೋ, ಬರೀ ಮೈಯಲ್ಲಿ ಹೆಂಗೆ ಕರ್ಕೊಂಡು ಹೋಗ್ಲಿ?" ಅನ್ನುತ್ತಿದ್ದರು.

"ಅಳತೆ ತಗೊಂಡ್ ಬನ್ನಿ ಭಾವ, ಹೊಲ್ದು ಕೊಡ್ತೀನಿ."

"ಅಳತೆ ನೀನೇ ತಗಾ ಬಾ. ಒದೆಸ್ಕೊಳ್ಳೋಕೆ ನಂಗೇನು ತಲೆ ಕೆಟ್ಟೈತಾ?"

ಎಪ್ಪತ್ತರ ದಶಕದ ಶುರುವಿನಲ್ಲಿ ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಅವರು ಹೋರಿಗಳನ್ನು ಹೊಡೆದುಕೊಂಡು ಊರಿನ ಇನ್ನೊಂದಿಬ್ಬರ ಜೊತೆ ಹೊರಟರು. ಆಗ ಅಕ್ಕನ ಮಗಳು ಇನ್ನೂ ಗೋಡೆ ಹಿಡಿದು ನಡೆಯುವ ಕೂಸು. ಜೊತೆಗೆ ಹೋದವರು ವಾಪಸ್ಸು ಬಂದರು, ಭಾವ ಬರಲಿಲ್ಲ. "ಒಂದು ಜೋಡಿ ಮಾರಾಟ ಆಗ್ದಂಗೆ ಉಳ್ಕಂತು. ಹುಬ್ಬಳ್ಳಿ ಕಡೆ ಒಂದು ಸುತ್ತು ಹೊಡ್ಕಂಡು ಬತ್ತೀನಿ, ನೀವು ನಡೀರಿ ಅಂದ್ರು" ಅಂತ ಅವರು ಹೇಳಿದ್ದು. ಇಷ್ಟೇ ನಮಗೆ ಗೊತ್ತಿರುವುದು. ಇವತ್ತಿಗೂ ಇಷ್ಟೇ.

ಹುಡುಕಲಿಲ್ಲ ಅಂತಲ್ಲ. ನಾನೂ ಭಾವನ ಅಣ್ಣನೂ ಅಜ್ಜಂಪುರದಲ್ಲಿ ರೈಲು ಹತ್ತಿ ಹೋದೆವು. ಸಂತೆ ಸಂತೆ ತಿರುಗಿದೆವು. ಹಾವೇರಿ ಕಡೆ ಒಬ್ಬ, ಇಂಥಾ ಎತ್ತರದ ವ್ಯಾಪಾರಿ ವಾಂತಿಭೇದಿಯಾಗಿ ಛತ್ರದಲ್ಲಿ ಸತ್ತು, ಊರವರೇ ಮಣ್ಣು ಮಾಡಿದರು ಅಂದ. ಎಲ್ಲಿ ಮಣ್ಣು ಮಾಡಿದರು ಅಂದರೆ ಗೊತ್ತಿಲ್ಲ ಅಂದ. ಇನ್ನೊಬ್ಬ, ಆಳು ಗಟ್ಟಿಮುಟ್ಟಾಗಿದ್ದಾನೆ, ಬೆಳಗಾವಿ ದಾರಿಯಲ್ಲಿ ಕಂಡೆ ಅಂದ. ಇಬ್ಬರ ಮಾತನ್ನೂ ನಾನು ಅಕ್ಕನಿಗೆ ಹಾಗೆ ಹಾಗೆಯೇ ಬಂದು ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ಸತ್ತೋನು ಬೀಡಿ ಸೇದ್ತಿದ್ನಂತ?"

ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ. ಎತ್ತಿನ ವ್ಯಾಪಾರದವರಲ್ಲಿ ಬೀಡಿ ಸೇದದವರು ಯಾರು?

ಒಂದೆರಡು ವರ್ಷ ಅಕ್ಕ ಯಗಟಿಯಲ್ಲೇ ಇದ್ದಳು. ಆಮೇಲೆ ನಾನೇ ಹೋಗಿ ಅವಳನ್ನೂ ಕೂಸನ್ನೂ ಕರೆದುಕೊಂಡು ಬಂದೆ. ಗಂಡನ ಮನೆಯವರು ಕಳಿಸಿದರು ಅಂತಲ್ಲ, ನಾನು ಕರೆದುಕೊಂಡು ಬಂದದ್ದು. ಅಂಗಡಿಯಲ್ಲಿ ಉಳಿಯುತ್ತಿದ್ದ ಕಟ್‌ಪೀಸು, ಚೂರು ಬಟ್ಟೆ, ಊರವರು ತಂದುಕೊಡುತ್ತಿದ್ದ ಹಳೇ ಸೀರೆ ಪಂಚೆ ಇವುಗಳಲ್ಲಿ ಅಕ್ಕ ಕೌದಿ ಹೊಲಿದುಕೊಡುತ್ತಿದ್ದಳು. ಅಜ್ಜಂಪುರದಲ್ಲಿ ಅವಳ ಕೌದಿ ಹೊದೆಯದ ಕೂಸು ಆ ಕಾಲದಲ್ಲಿ ಕಮ್ಮಿ.

ಆದರೆ ಅವಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಅಂತ ಊರಿಗೆ ಗೊತ್ತಾಗಲಿಲ್ಲ. ಕೊರಳಲ್ಲಿ ತಾಳಿ ಇತ್ತು, ಕೈತುಂಬ ಹಸಿರು ಬಳೆ ಇತ್ತು. ಬಳೆಗಾರ ಬಂದಾಗ ಎಲ್ಲರ ಜೊತೆ ಅವಳೂ ಕೈ ಒಡ್ಡುತ್ತಿದ್ದಳು. ಯಾರದಾದರೂ ಮನೆಯಲ್ಲಿ ಅರಿಶಿನ ಕುಂಕುಮ ಕೊಡುವಾಗ ಮಾತ್ರ ಕೊಡುವವರ ಕೈ ಇವಳ ಹಣೆಯ ಹತ್ತಿರ ಬಂದು ಒಂದು ಗಳಿಗೆ ನಿಲ್ಲುತ್ತಿತ್ತು. ಅಕ್ಕ ತಾನೇ ಹಣೆ ಮುಂದೆ ಚಾಚುತ್ತಿದ್ದಳು. ನನಗೆ ಇದನ್ನು ನನ್ನ ಹೆಂಡತಿ ಹೇಳುತ್ತಿದ್ದಳು. ಕೇಳಿ ನಾನು ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದೆ.

ಹುಡುಗಿ ಬೆಳೆದಳು. ಎಸ್ಸೆಸ್ಸೆಲ್ಸಿ ಮುಗಿಸಿದಳು. ಎಂಬತ್ತರ ದಶಕದ ಕೊನೆಯ ಕಡೆ ತರೀಕೆರೆಯಿಂದ ಒಂದು ಸಂಬಂಧ ಬಂತು, ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡ ಮನೆ, ಹುಡುಗ ಒಳ್ಳೆಯವನು. ಅವರು ಹೆಣ್ಣು ನೋಡಲು ಬರುವ ಹೊತ್ತಿಗಾಗಲೇ ಅಕ್ಕ ಮಗಳ ಕೌದಿ ಶುರು ಮಾಡಿದ್ದಳು. ನೆಲ ಬಿದ್ದಿತ್ತು. ಮನೆ, ಮನೆ ಮುಂದಿನ ಕಲ್ಲು, ನನ್ನ ಮಿಷನ್ನು, ಮಿಷನ್ನಿನ ಹಿಂದೆ ನಾನು, ನನ್ನ ಹೆಂಡತಿ ಮಕ್ಕಳು, ಕೋಲು ಹಿಡಿದ ಅವ್ವ ಎಲ್ಲ ಗೆರೆಯ ಮೇಲೆ ನಿಂತಿದ್ದೆವು. ಅಪ್ಪ, ಅಜ್ಜ, ಅಜ್ಜಿ ಕೆಳಗೆ ಕೂತಿದ್ದರು. ಒಂದು ಕೊನೆಯಲ್ಲಿ ಅಕ್ಕ ತನ್ನನ್ನೂ ಹೊಲಿದುಕೊಂಡಿದ್ದಳು. ಅವಳ ಪಕ್ಕದಲ್ಲಿ ಒಬ್ಬ ಮನುಷ್ಯನಿಗಾಗುವಷ್ಟು ಜಾಗ ಖಾಲಿ. ಅವಳ ಕಾಲ ಕೆಳಗೂ, ಗೆರೆಯ ಅಡಿಯಲ್ಲಿ, ಅಷ್ಟೇ ಜಾಗ ಖಾಲಿ.

ಹುಡುಗನ ಅಜ್ಜಿಯೂ ಬಂದಿದ್ದರು. ನಮ್ಮವ್ವನಿಗೆ ಮೊಮ್ಮಗಳ ಕೌದಿಯನ್ನು ತೋರಿಸದೆ ಇರುವುದಕ್ಕೆ ಆಗಲಿಲ್ಲ. ತಂದು ಹಾಸಿ, ಮೇಲಿನವರು ಯಾರು, ಕೆಳಗಿನವರು ಯಾರು, ಯಾಕೆ ನಿಂತಿದ್ದಾರೆ, ಯಾಕೆ ಕೂತಿದ್ದಾರೆ ಅಂತ ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ಅಜ್ಜಿ ಬೆರಳಿಟ್ಟು ಒಬ್ಬೊಬ್ಬರನ್ನೇ ನೋಡುತ್ತಾ ಬಂದು ಕೊನೆಯಲ್ಲಿ ನಿಂತರು.

"ಇದು ಬೀಗತೀರು. ಪಕ್ಕದಾಗೆ ಯಾರೂ ಇಲ್ವಲ್ಲ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ವಿಷಯ ಅವರಿಗೆ ಮೊದಲೇ ಗೊತ್ತಿತ್ತು, ನಾವು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವ್ವ ಹೇಳಿದ ಲೆಕ್ಕವನ್ನೇ ಅವರು ಮುಂದಕ್ಕೆ ಓದಿದ್ದು.

ಅಕ್ಕ ಒಳಗಿಂದ ಕಾಫಿ ಲೋಟಗಳನ್ನು ತರುತ್ತಿದ್ದವಳು, "ಇನ್ನೂ ಹೊಲ್ದಿಲ್ಲ ಅಜ್ಜಿ. ಹೊಲೀಬೇಕು" ಅಂದಳು.

ಸಂಬಂಧ ಕೂಡಿತು. ಆದರೆ ಅವತ್ತಿನಿಂದ ಅವ್ವನಿಗೆ ಆ ಖಾಲಿ ಜಾಗ ಕಣ್ಣಿಗೆ ಬಿದ್ದ ಕಸದ ಹಾಗೆ ಆಯ್ತು. "ಏನಾರ ಒಂದು ಮಾಡೇ" ಅನ್ನುವಳು. ಅಕ್ಕ, "ಮಾಡ್ತೀನಿ ಬಿಡವ್ವ" ಅನ್ನುವಳು. ನಾನೂ ಒಂದು ಸಲ ಹೇಳಿದೆ. ಮೇಲೆ ನಿಲ್ಲಿಸಕ್ಕ, ನಿಲ್ಲಿಸಿದರೆ ಕೇಳೋರು ಯಾರು, ನಾನು ಬರೆದು ಕೊಡ್ತೀನಿ ಅಂದೆ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿಂತವ್ರೆ ಅಂತ ನೀನು ನೋಡಿದೀಯೇನೋ?" ಅಂದಳು. "ಹಂಗಾದ್ರೆ ಕೂತವ್ರೆ ಅಂತ ನೀನು ನೋಡಿದೀಯ?" ಅಂತ ನಾನೂ ಅಂದೆ. ಅದಕ್ಕೆ ಅವಳು, "ಅದಕ್ಕೇ ತಾನೆ ಕಣೋ ಬಿಟ್ಟಿರೋದು" ಅಂದಳು.

ಮದುವೆ ಜವಳಿಗೆ ನಾನೂ ಅಕ್ಕನೂ ಒಂದು ದಿನ ಕಡೂರಿಗೆ ಹೋದೆವು. ಸಾಯಂಕಾಲ ಮನೆಗೆ ಬಂದರೆ ಅವ್ವ ಜಗಲಿಯ ಮೇಲೆ ಕೌದಿ ಹರಡಿಕೊಂಡು ನಗುತ್ತಾ ಕೂತಿದ್ದಳು. ಅವಳಿಗೆ ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಯಾರದೋ ಮಗುವಿನ ಕೈಲಿ ದಾರ ಪೋಣಿಸಿಕೊಂಡು, ನಾನು ಬರೆದ ಗೆರೆಯೂ ಇಲ್ಲದೆ, ಕೈಯಲ್ಲಿ ಸವರಿ ಸವರಿ ಜಾಗ ಹುಡುಕಿಕೊಂಡು, ಅಕ್ಕನ ಪಕ್ಕದಲ್ಲಿ ಭಾವನನ್ನು ನಿಲ್ಲಿಸಿಬಿಟ್ಟಿದ್ದಳು. ಒಂದು ಕಾಲು ಉದ್ದ, ಒಂದು ಕಾಲು ಮೋಟು. ತಲೆ ಬುರುಡೆ ಚೊಂಬಿನ ಹಾಗೆ. ಕೈಯಲ್ಲಿ ಹಗ್ಗವೋ ಬಾಲವೋ ಏನೋ ಒಂದು.

"ನೋಡೇ, ನನ್ನಳಿಯ ಬಂದು ನಿಂತವ್ನೆ" ಅಂದಳು ಅವ್ವ. "ಇನ್ನು ಯಾರಾರ ಕೇಳ್ಲಿ."

ನನಗೆ ನಗು ಬಂತು. ಅಕ್ಕ ಪಕ್ಕದಲ್ಲಿ ಕೂತು ಭಾವನ ಆಕಾರದ ಮೇಲೆ ಬೆರಳಾಡಿಸಿದಳು. ಪಾದದಿಂದ ಮೇಲಕ್ಕೆ, ಭುಜ, ತಲೆ, ಮತ್ತೆ ಈ ಕಡೆಯ ಭುಜ. ಎದೆಯ ಹತ್ತಿರ ಬೆರಳು ನಿಂತಿತು.

"ಅವ್ವ, ದಾರ ಸಾಲ್ದಂಗಾಯ್ತಾ?"

"ಹೂಂ ಕಣೇ, ಒಂಚೂರು ಕಮ್ಮಿ ಬಿತ್ತು. ಬೇರೆ ಎಳೆ ಸೇರಿಸ್ದೆ. ಯಾಕೆ?"

"ಗಂಟು ಎದೆ ಮೇಲೆ ಬಿದ್ದೈತೆ."

ಅವ್ವ ಕೈಚಾಚಿ ತಡಕಿದಳು. ಗಂಟು ಸಿಕ್ಕಿತು. ಅವಳ ಮುಖದಲ್ಲಿದ್ದ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು, ತಾನು ಮಾಡಿದ್ದು ಏನು ಅಂತ ನಿಧಾನಕ್ಕೆ ತಿಳಿದ ಹಾಗೆ. ಈ ಕಟ್ಟುಪಾಡನ್ನೆಲ್ಲ ನಮಗೆ ಹೇಳಿಕೊಟ್ಟವಳೇ ಅವಳು. "ಬಿಡೇ, ಯಾರು ನೋಡ್ತಾರೆ, ನಿಂತಿರ್ಲಿ" ಅಂದಳು. ಮತ್ತೆ ತಾನೇ, "ಬ್ಯಾಡ, ಬ್ಯಾಡ. ಮಗು ಹೊದ್ಕಳದು" ಅಂದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು.

ಅಕ್ಕ ಅವತ್ತು ಮುಟ್ಟಲಿಲ್ಲ. ಮಾರನೇ ದಿನ ಬೆಳಿಗ್ಗೆ, ಕೆಲಸ ಎಲ್ಲ ಮುಗಿಸಿ, ನನ್ನ ಸಣ್ಣ ಕತ್ತರಿಯನ್ನು ಕೇಳಿ ಇಸಕೊಂಡು ಬಂದು ಕೂತಳು. ಒಂದೊಂದೇ ಹೊಲಿಗೆಯ ಕೆಳಗೆ ಕತ್ತರಿಯ ಮೊನೆ ತೂರಿಸಿ, ದಾರ ಕಡಿಯದ ಹಾಗೆ ಬಿಚ್ಚಿದಳು. ಮೊದಲು ಗಂಟು, ಆಮೇಲೆ ತಲೆ, ಆಮೇಲೆ ಕೈ, ಕೊನೆಗೆ ಪಾದ. ಬಿಚ್ಚಿದ ದಾರವನ್ನು ಬಿಸಾಡದೆ ಮೊಣಕಾಲ ಮೇಲೆ ಸುತ್ತಿಕೊಳ್ಳುತ್ತಾ ಹೋದಳು. ಎಲ್ಲ ಬಿಚ್ಚಿ ಆದ ಮೇಲೆ ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದವು. ಮನುಷ್ಯನಿರಲಿಲ್ಲ, ಮನುಷ್ಯ ನಿಂತ ಗುರುತು ಇತ್ತು.

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡದೆ ಹೇಳಿದಳು:

"ಇಷ್ಟು ವರ್ಷ ನಾನು ಇಡ್ಲೂ ಇಲ್ಲ, ತೆಗೀಲೂ ಇಲ್ಲ. ಇವತ್ತು ನನ್ನ ಕೈಲೇ ತೆಗ್ದಂಗಾಯ್ತು."

"ಅವ್ವ ತಪ್ಪು ಹೊಲಿದ್ಲು, ನೀನು ಬಿಚ್ಚಿದೆ. ಅದಕ್ಕೇನೀಗ?"

"ಬಿಚ್ಚಿದ್ದನ್ನ ಅದೇ ಜಾಗದಲ್ಲಿ ಹೊಲಿಯಂಗಿಲ್ಲ. ಗೆರೆ ಮೇಲೆ ಬೇರೆ ಜಾಗ ಇಲ್ಲ. ಹೊಲೀದೆ ಬಿಟ್ರೆ ಮನೆಯಿಂದ ಆಚೆಗೆ ಹಾಕ್ದಂಗೆ. ಅವರೇನು ಮಾಡಿದ್ರು ಅಂತ ಆಚೆಗೆ ಹಾಕ್ಲಿ?" ಅಂದಳು. ಆಮೇಲೆ ಗೆರೆಯ ಕೆಳಗಿನ ಖಾಲಿ ಜಾಗದ ಮೇಲೆ ಅಂಗೈ ಇಟ್ಟು, "ಇಲ್ಲಿ ಕೂರಿಸ್ತೀನಿ. ನೀನು ಬರ್ಕೊಡು" ಅಂದಳು.

ನನಗೆ ಸಿಟ್ಟು ಬಂತು. ಮದುವೆ ಎದುರಿಗಿದೆ. ಭಾವನನ್ನು ಗೆರೆಯ ಕೆಳಗೆ ಕೂರಿಸಿದರೆ ಅಕ್ಕನ ಕೊರಳಲ್ಲಿ ತಾಳಿ ಇರುವ ಹಾಗಿಲ್ಲ, ಕೈಯಲ್ಲಿ ಬಳೆ ಇರುವ ಹಾಗಿಲ್ಲ. ಮಗಳ ಧಾರೆಯಲ್ಲಿ ಅವಳು ಮುಂದೆ ನಿಲ್ಲುವ ಹಾಗಿಲ್ಲ. ಮದುವೆ ಮುಗಿಯಲಿ, ಆಮೇಲೆ ಏನು ಬೇಕಾದರೂ ಮಾಡಿಕೋ ಅಂದೆ.

"ಆಮೇಲೆ ಕೌದಿ ಎಲ್ಲಿರ್ತೈತೆ? ಅವಳ ಜೊತೆ ಹೋಗಿರ್ತೈತೆ."

"ಖಾಲಿ ಬಿಟ್ಟೇ ಕಳ್ಸು."

"ಅಪ್ಪ ಇಲ್ದಿರೋ ಕೌದಿ ಹೊದ್ಕೊಂಡು ಹೋಗ್ಲಾ ಅವಳು?"

"ಬತ್ತಾರೆ ಕಣಕ್ಕ" ಅಂದೆ ನಾನು. ಅಷ್ಟು ವರ್ಷ ಆ ಮಾತನ್ನು ಯಾರೂ ಆಡಿರಲಿಲ್ಲ, ನಾನೂ ಆಡಿರಲಿಲ್ಲ.

ಅಕ್ಕ ನನ್ನನ್ನೇ ನೋಡಿದಳು. "ಬಂದ್ರೆ ಬರ್ಲಿ. ಬಂದು ನನ್ನ ಬೈಲಿ. ಇವಳು ನನ್ನ ಬದುಕಿರಂಗೇ ಮಣ್ಣು ಮಾಡಿದ್ಲು ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ಲಿ. ಅವರ ಕೈಲಿ ಬೈಸ್ಕೊಂಡು ಎಷ್ಟು ವರ್ಷಾಯ್ತು" ಅಂದಳು.

ಮಠದ ಅಯ್ಯನವರು ಹೇಳಿದರೆ ಕೇಳಿಯಾಳು ಅಂತ ನಾನು ಅವರನ್ನು ಮನೆಗೆ ಕರೆದುಕೊಂಡು ಬಂದೆ. ಅವರು ಕೌದಿ ನೋಡಿದರು, ಬಿಚ್ಚಿದ ಗುರುತನ್ನೂ ನೋಡಿದರು. "ಮಣ್ಣು ಮಾಡೋಕೆ ನಮ್ಮ ಕೈಗೆ ಯಾರೂ ಸಿಕ್ಕಿಲ್ಲವ್ವ. ಸತ್ತವ್ರೆ ಅಂತ ಹೇಳೋಕೆ ನಾನು ಯಾರು?" ಅಂದರು.

"ಸತ್ತವ್ರೆ ಅಂತ ನಾನೂ ಹೇಳ್ತಿಲ್ಲ ಬುದ್ದಿ" ಅಂದಳು ಅಕ್ಕ. "ನನಗೆ ಸುಸ್ತಾಗೈತೆ. ಅವರು ಎಲ್ಲೋ ನಿಂತೇ ಅವ್ರೆ ಅಂತ ನಾನೂ ನಿಂತೇ ಇದೀನಿ. ಒಂದು ಕಡೆ ಕೂತ್ಕಳ್ಲಿ."

ಅಯ್ಯನವರು ಹೊರಡುವಾಗ ಅಕ್ಕನ ಹಣೆಗೆ ವಿಭೂತಿ ಇಟ್ಟು, ತಾಳಿ ತೆಗಿ ಅಂತ ನಾನು ಹೇಳಲ್ಲ, ಇಟ್ಕೋ ಅಂತಲೂ ಹೇಳಲ್ಲ ಅಂದು ಹೋದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಅವತ್ತು ಮಧ್ಯಾಹ್ನ ಅಂಗಡಿಗೆ ಹೋಗಲಿಲ್ಲ. ಸೋಪಿನ ಚೂರು ಹಿಡಿದು ಕೌದಿಯ ಮುಂದೆ ಕೂತೆ. ಅಪ್ಪನನ್ನು, ಅಜ್ಜನನ್ನು ನಾನೇ ಬರೆದವನು, ಒಂದೇ ಎಳೆತಕ್ಕೆ ಬರೆದಿದ್ದೆ. ಭಾವನಿಗೆ ಕೈ ಏಳಲಿಲ್ಲ. ಭಾವ ಹೇಗೆ ಕೂರುತ್ತಿದ್ದರು ಅಂತ ನೆನೆಸಿಕೊಂಡರೆ ಅಂಗಡಿಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತದ್ದೇ ಕಣ್ಣಿಗೆ ಬರುತ್ತಿತ್ತು. ಸಂತೆಯಲ್ಲೂ ಹಾಗೆಯೇ, ನಮ್ಮ ಮನೆಯ ಜಗಲಿಯಲ್ಲೂ ಹಾಗೆಯೇ, ಈಗಲೋ ಆಗಲೋ ಎದ್ದು ಹೊರಡುವವರ ಹಾಗೆ. ಗೂಡಿನಲ್ಲಿ ಹಾಗೆ ಕೂರಿಸುವ ಹಾಗಿಲ್ಲ.

"ಭಾವ ಚಕ್ಕಂಬಕ್ಕಳ ಹಾಕಿ ಕೂತದ್ದು ನಾನು ಕಂಡೇ ಇಲ್ವಲ್ಲಕ್ಕ" ಅಂದೆ.

ಅಕ್ಕ ಯೋಚನೆ ಮಾಡಿದಳು. "ಉಣ್ಣೋಕೆ ಕೂರ್ತಿರ್ಲಿಲ್ವಾ?" ಅಂದಳು.

ಹೌದು. ಊಟಕ್ಕೆ ಕೂತರೆ ಭಾವ ಗಟ್ಟಿಯಾಗಿ ಕೂರುತ್ತಿದ್ದರು. ಬಲ ಮಂಡಿ ಸ್ವಲ್ಪ ಮೇಲೆದ್ದಿರುತ್ತಿತ್ತು, ಎಡಗೈ ನೆಲಕ್ಕೆ ಊರಿರುತ್ತಿತ್ತು. ಗೂಡಿನಲ್ಲಿ ಕೂತವರಿಗೆ ಎಡಗೈ ಮುಂದೆ ಇರಬೇಕು, ಲಿಂಗ ಹಿಡಿಯಲು. ಅದೊಂದನ್ನು ಬದಲಿಸಿ ಮಿಕ್ಕದ್ದನ್ನು ಹಾಗೆಯೇ ಬರೆದೆ. ಅಗಲ ಬೆನ್ನು ಬಂತು, ಎದ್ದ ಮಂಡಿ ಬಂತು. ಮುಖವನ್ನು ನಾವು ಯಾವಾಗಲೂ ಸ್ವಲ್ಪ ಬಗ್ಗಿಸುತ್ತೇವೆ, ಅಂಗೈ ನೋಡುವ ಹಾಗೆ. ಹಾಗೆ ಬಗ್ಗಿಸಿದೆ.

"ತಲೆ ಒಂಚೂರು ಮೇಲೆತ್ತಿಸು" ಅಂದಳು ಅಕ್ಕ.

"ಯಾಕೆ?"

"ಸಾರು ಸಾಲ್ದೇ ಹೋದ್ರೆ ಕೇಳ್ತಿರ್ಲಿಲ್ಲ ಅವರು. ಸುಮ್ನೆ ತಲೆ ಎತ್ತಿ ನೋಡೋರು. ನಾನು ಎಲ್ಲಿದ್ರೂ ಬಂದು ಬಡಿಸ್ಬೇಕು, ಹಂಗೆ."

ಇದನ್ನು ಹೇಳುವಾಗ ಅಕ್ಕ ನಕ್ಕಳು. ನಾನು ಅಂಗೈಯಲ್ಲಿ ಒರೆಸಿ ತಲೆಯನ್ನು ಮತ್ತೆ ಬರೆದೆ. ಗದ್ದ ಮೇಲಾಯ್ತು. ನೋಟ ಹೋಗುವ ಕಡೆ ನೋಡಿದರೆ, ಸರಿಯಾಗಿ ಮೇಲೆ, ಗೆರೆಯ ಮೇಲೆ, ಅಕ್ಕ ನಿಂತಿದ್ದಳು.

ಹೊಲಿದದ್ದು ಅವ್ವನ ಹೊಲಿಗೆಯಿಂದ ಬಿಚ್ಚಿ ಸುತ್ತಿಟ್ಟ ದಾರದಿಂದಲೇ. ಗಂಟು ಕತ್ತರಿಸಿ ಬಿಸಾಡಿ, ಉಳಿದ ಉದ್ದದ ಎಳೆಯಲ್ಲೇ ಒಂದೊಂದು ಹೊಲಿಗೆಯನ್ನೂ ಹಿಡಿದು ಹಿಡಿದು ಹಾಕಿದಳು. ಗೆರೆಯಿಂದ ಇಳಿದ ದಾರ ಗೂಡು ಸುತ್ತಿ, ಮೈ ಸುತ್ತಿ, ವಾಪಸ್ಸು ಗೆರೆಗೆ ಬಂದು ಮುಟ್ಟಿತು. ಅವ್ವ ಪಕ್ಕದಲ್ಲೇ ಕೂತಿದ್ದಳು. ಮಧ್ಯೆ ಮಧ್ಯೆ, "ಸಾಕಾಯ್ತೇನೇ ದಾರ?" ಅಂತ ಕೇಳುತ್ತಿದ್ದಳು. "ಸಾಕಾಯ್ತದೆ ಸುಮ್ನಿರವ್ವ" ಅನ್ನುತ್ತಿದ್ದಳು ಅಕ್ಕ. ಗಂಟು ಕಟ್ಟಿ ದಾರ ಕಡಿದ ಮೇಲೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದು ಹಿತ್ತಿಲಿಗೆ ಹೋದಳು.

ತಾಳಿಯನ್ನು ತಾನೇ ತೆಗೆದಿಟ್ಟಳು. ಬಳೆಯನ್ನು ಒಡೆಯುವುದಕ್ಕೂ ಯಾರನ್ನೂ ಬಿಡಲಿಲ್ಲ. ಬಚ್ಚಲಲ್ಲಿ ಕೈಗೆ ಸೋಪು ಹಚ್ಚಿಕೊಂಡು ತಾನೇ ಬಿಡಿಸಿಕೊಂಡಳು. ಕೆಲಸ ಮಾಡಿ ಮಾಡಿ ಗೆಣ್ಣು ದಪ್ಪವಾಗಿದ್ದವು, ಬಳೆ ಸಲೀಸಾಗಿ ಬರಲಿಲ್ಲ. ನನ್ನ ಹೆಂಡತಿ ಸಹಾಯಕ್ಕೆ ಹೋದರೆ ಬೇಡ ಅಂದಳಂತೆ. ಬಹಳ ಹೊತ್ತು ನೀರಿನ ಸದ್ದು ಕೇಳುತ್ತಿತ್ತು. ಹೊರಗೆ ಬಂದಾಗ ಮಣಿಕಟ್ಟಿನ ಸುತ್ತ ಚರ್ಮ ಬೆಳ್ಳಗೆ, ಎಳೇ ಕೂಸಿನದರ ಹಾಗೆ ಇತ್ತು. ಅವಳ ಮಗಳು ಅದನ್ನೇ ನೋಡುತ್ತಾ ನಿಂತಳು. ಅಳಲಿಲ್ಲ. ತನ್ನವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮದುವೆಯಲ್ಲಿ ಧಾರೆ ಎರೆದವರು ನಾನು, ನನ್ನ ಹೆಂಡತಿ. ಅಕ್ಕ ಅಡಿಗೆಯವರ ಕಡೆ ನಿಂತಿದ್ದಳು. ಬೆಳಿಗ್ಗೆಯಿಂದ ಕರೆದರೂ ಈ ಕಡೆ ಬರಲಿಲ್ಲ. ಅಯ್ಯನವರು ಹಸೆಯಿಂದಲೇ, "ಬಾರವ್ವ, ನಮ್ಮಲ್ಲಿ ಅದೆಲ್ಲ ಇಲ್ಲ" ಅಂತ ಕೂಗಿದರು. ಹುಡುಗನ ಅಜ್ಜಿ ಎದ್ದು ಹೋಗಿ ಕೈ ಹಿಡಿದು ಎಳೆದರು. ಕಂಬದವರೆಗೆ ಬಂದಳು, ಅಲ್ಲಿಂದ ಮುಂದೆ ಬರಲಿಲ್ಲ. ಬೇರೆ ಹೆಂಗಸರು ಯಾರೂ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸರಿದು ಅವಳಿಗೆ ಜಾಗ ಮಾತ್ರ ಬಿಡಲಿಲ್ಲ. ಅಕ್ಷತೆ ಹಾಕುವಾಗ ಅಕ್ಕ ಕಂಬದ ಹತ್ತಿರದಿಂದಲೇ ಕೈಯೆತ್ತಿ ಎರಚಿದಳು. ಅಷ್ಟು ದೂರಕ್ಕೆ ಅಕ್ಕಿ ಹೋಗಲಿಲ್ಲ, ನಡುವೆ ಕೂತವರ ತಲೆಯ ಮೇಲೆ ಬಿತ್ತು. ನಾನು ತಂಬಿಗೆ ಹಿಡಿದು ನಿಂತಿದ್ದೆ, ಕೈ ಬಿಡುವ ಹಾಗಿರಲಿಲ್ಲ.

ಹೆಣ್ಣಿನ ಕಡೆಯಿಂದ ಜೊತೆಗೆ ಹೋಗಬೇಕಾದವನು ನಾನೇ. ತರೀಕೆರೆ ಬಸ್ಸಿನಲ್ಲಿ ಹುಡುಗಿ ಕಿಟಕಿ ಪಕ್ಕ ಕೂತಿದ್ದಳು, ಹುಡುಗ ಮುಂದಿನ ಸೀಟಿನಲ್ಲಿ ತನ್ನ ಸೋದರಮಾವನ ಜೊತೆ ಕೂತಿದ್ದ. ಟ್ರಂಕು ಬಸ್ಸಿನ ಮೇಲೆ ಹೋಗಿತ್ತು. ಕೌದಿಯನ್ನು ಮಾತ್ರ ಮೇಲೆ ಹಾಕಲು ಅವಳು ಬಿಟ್ಟಿರಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಊರು ದಾಟಿದ ಮೇಲೆ ಮಡಿಕೆಯ ಒಂದು ಮೂಲೆಯನ್ನು ಬಿಚ್ಚಿ ಅಂಚನ್ನು ಹೊರಗೆ ಎಳೆದುಕೊಂಡಳು.

ಭಾವನ ಫೋಟೋ ನಮ್ಮಲ್ಲಿ ಒಂದೂ ಇರಲಿಲ್ಲ. ಅವಳು ಅಪ್ಪನನ್ನು ನೋಡಿದ್ದು ಅಂದರೆ ಅಷ್ಟೇ, ಅಂಗೈಯಷ್ಟು ಜಾಗದಲ್ಲಿ, ಕರೀ ದಾರದಲ್ಲಿ.

"ಮಾವ, ಅಪ್ಪ ಹಿಂಗೇ ಇದ್ರಾ?"

"ಊಟಕ್ಕೆ ಕೂತಾಗ ಹಿಂಗೇ ಇರ್ತಿದ್ರು ಕಣವ್ವ."

ಅವಳು ಬಹಳ ಹೊತ್ತು ನೋಡಿದಳು. ಬಸ್ಸು ಕುಲುಕಿದಾಗೆಲ್ಲ ಕೈ ಅಡ್ಡ ಇಡುತ್ತಿದ್ದಳು, ಬೀಳುವವರನ್ನು ಹಿಡಿದುಕೊಂಡ ಹಾಗೆ.

"ತಲೆ ಎತ್ತಿ ಏನು ನೋಡ್ತಾವ್ರೆ?"

"ನಿಮ್ಮವ್ವನ್ನ. ಬಡಿಸ್ಲಿ ಅಂತ."

ಅವಳು ಬೆರಳಿನಿಂದ ಗೂಡಿನ ಒಳಗೆ, ಭಾವನ ಮಂಡಿಯ ಮುಂದೆ ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ, ಬರೀ ಬಟ್ಟೆ.

"ತಟ್ಟೆ ಇಲ್ವಲ್ಲ ಮಾವ. ನೀನು ತಟ್ಟೆ ಬರೀಲಿಲ್ವಾ?"

ಇಲ್ಲ ಅಂದೆ. ಅವಳು ನನ್ನ ಜೇಬಿನ ಕಡೆ ಕೈಚಾಚಿದಳು. ಸೋಪಿನ ಚೂರು ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಬಸ್ಸು ಕುಲುಕುತ್ತಿತ್ತು, ಆದರೂ ಬರೆದೆ, ಮಂಡಿಯ ಮುಂದೆ ಒಂದು ಪುಟ್ಟ ಸುತ್ತು. "ಹೋಗಿ ಹೊಲ್ಕೊತೀನಿ" ಅಂತ ಅವಳು ಅಂಚನ್ನು ಒಳಕ್ಕೆ ಮಡಚಿ, ಸೋಪು ಉದುರದ ಹಾಗೆ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.